ನೆಲ್ಲಿತೀರ್ಥದ ಗುಹೆಗೆ ಇಳಿಯುವ ಕ್ರಮ

ಮಂಗಳೂರಿನಿಂದ ಮೂಡುಬಿದಿರೆಯ ಹೆದ್ದಾರಿಯಲ್ಲಿ ಎಡಪದವಿಗೆ ಬಂದು, ಅಲ್ಲಿಂದ ಮುಚ್ಚೂರಿನ ಕಡೆಗೆ ತಿರುಗಿ ಸಾಗಿದರೆ ನೆಲ್ಲಿತೀರ್ಥದ ಸೋಮನಾಥೇಶ್ವರ ದೇವಸ್ಥಾನ ಸಿಗುತ್ತದೆ. ಇಲ್ಲಿರುವ ಸುಮಾರು 200 ಮೀಟರ್ ಉದ್ದದ ಗುಹೆ ಹೇಗೆ ಉಂಟಾಯಿತೆಂಬುದಕ್ಕೆ ದಾಖಲೆಯ ಉತ್ತರವಿಲ್ಲ. ಜಾಬಾಲಿ ಮಹರ್ಷಿ ಇಲ್ಲಿ ತಪಸ್ಸು ಮಾಡಿದರೆಂದು ಸ್ಥಳಪುರಾಣ ಹೇಳುತ್ತದೆ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಮಳೆನೀರು ಮೇಲಿನ ಗಟ್ಟಿ ಪದರವನ್ನು ಉಳಿಸಿ, ಅಡಿಯ ಮೆದು ಜೇಡಿಯನ್ನು ಕೊಚ್ಚಿಕೊಂಡು ಹೋಗಿ ತಾನಾಗಿಯೇ ಬಿಲ ಕೊರೆಯುವುದುಂಟು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡುವ ಕಸುಬೂ ಈ ಜಿಲ್ಲೆಗೆ ಹೊಸತಲ್ಲ. ಹಾಗಾಗಿ ಎರಡರಲ್ಲಿ ಯಾವುದೆಂದು ನೋಡಿದ ಮಾತ್ರಕ್ಕೆ ತೀರ್ಮಾನಿಸುವುದು ಸುಲಭವಲ್ಲ.

ಮೊದಲು ಕಾಲವನ್ನು ನೋಡಿಕೊಳ್ಳಬೇಕು. ಗುಹೆಗೆ ಪ್ರವೇಶವಿರುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ; ಉಳಿದ ಆರು ತಿಂಗಳು ಅಲ್ಲಿ ದೇವತೆಗಳ ಪೂಜೆ ನಡೆಯುತ್ತದೆಂಬ ನಂಬಿಕೆಯಿದೆ. ಮಳೆಗಾಲದ ಜೇಡಿಯನ್ನು ಬಲ್ಲವರಿಗೆ ಈ ಕಟ್ಟುಪಾಡಿನ ವಿವೇಕವನ್ನು ಬೇರೆ ಹೇಳಬೇಕಾಗಿಲ್ಲ.

ಬೈರಾಸು ಮತ್ತು ಕೆಮ್ಮಣ್ಣಿನ ಕಲೆಯಾದರೂ ಬೇಸರವಾಗದ ಒಂದು ಜೊತೆ ಬಟ್ಟೆ ಜತೆಗಿರಲಿ. ಮೊಬೈಲ್, ಕೈಗಡಿಯಾರ, ಚಿನ್ನವನ್ನು ಹೊರಗೆ ಉಳಿಯುವವರ ಕೈಯಲ್ಲಿ ಬಿಟ್ಟು, ಕೆರೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಒಳಹೋಗುವುದು ವಾಡಿಕೆ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು, ಹೃದಯದ ತೊಂದರೆ ಅಥವಾ ಮೊಣಕಾಲು ನೋವು ಇರುವವರು ದೇವಸ್ಥಾನದಲ್ಲೇ ಕೈಮುಗಿದು ಹಿಂದಿರುಗುವುದು ಲೇಸು, ಏಕೆಂದರೆ ನಡುವೆ ಮನಸ್ಸು ಬದಲಾದರೆ ಹಿಂದಿನಿಂದ ಬರುತ್ತಿರುವ ಸಾಲನ್ನೂ ಹಿಂದಕ್ಕೆ ಸರಿಸಬೇಕಾಗುತ್ತದೆ.

ಬಾಯಿ ಕಿರಿದಾಗಿರುವುದರಿಂದ ಒಳಗೆ ನಡೆಯುವ ಮಾತಿಲ್ಲ, ಅಂಬೆಗಾಲಿಟ್ಟೇ ಸಾಗಬೇಕು. ದಾರಿ ಬಲ್ಲವರ ಬೆಳಕನ್ನು ಮುಂದಿಟ್ಟುಕೊಂಡು, ಎದುರಿನವರ ಹಿಮ್ಮಡಿಗೆ ತಲೆ ತಾಗದಷ್ಟು ಅಂತರ ಬಿಟ್ಟು, ಮೊದಲು ಅಂಗೈಯನ್ನು ಊರಿ ನೆಲದ ಜಾರುವಿಕೆಯನ್ನು ಪರೀಕ್ಷಿಸಿ, ಅನಂತರವೇ ಮೊಣಕಾಲಿನ ಮೇಲೆ ಭಾರ ಹಾಕಬೇಕು. ತಲೆ ಎತ್ತುವ ಆತುರ ಬೇಡ. ಮೇಲಿನ ಕಲ್ಲು ಯಾರನ್ನೂ ಬಿಟ್ಟಿದ್ದಿಲ್ಲ. ಇಷ್ಟೆಲ್ಲ ತೆವಳಿದ ಬಳಿಕ ಗುಹೆ ಒಮ್ಮೆಗೇ ತೆರೆದುಕೊಂಡು, ಎದ್ದು ನಿಲ್ಲುವಷ್ಟು ಜಾಗದಲ್ಲಿ ಸರೋವರವೂ ಶಿವಲಿಂಗವೂ ಕಾಣುತ್ತವೆ. ಚಾವಣಿಯಿಂದ ನೆಲ್ಲಿಕಾಯಿ ಗಾತ್ರದ ನೀರಹನಿಗಳು ತೊಟ್ಟಿಕ್ಕುವುದರಿಂದಲೇ ಊರಿಗೆ ಈ ಹೆಸರು ಬಂತೆನ್ನುತ್ತಾರೆ.

ಬಂದ ದಾರಿಯಲ್ಲೇ ಮರಳಬೇಕು. ಗುಹೆಯ ಮಣ್ಣನ್ನು ಪ್ರಸಾದವೆಂದು ಚಿಟಿಕೆಯಷ್ಟು ತರುವವರಿದ್ದಾರೆ. ಮೈಗೆ ಮೆತ್ತಿಕೊಂಡ ಉಳಿದದ್ದನ್ನು ತೊಳೆದುಕೊಂಡ ಮೇಲೆಯೇ ಕಾರಿನ ಬಾಗಿಲು ತೆರೆಯುವುದು ಒಳ್ಳೆಯದು.