ಮಂಡಿ ಬದಲಾವಣೆಯ ನಂತರ ಫಿಸಿಯೋಥೆರಪಿ: ಕ್ಲಿನಿಕ್ ಆರಿಸುವುದು ಹೇಗೆ

ಆಪರೇಷನ್‌ಗೆ ದಿನ ಗೊತ್ತಾದ ಕೂಡಲೇ ಫಿಸಿಯೋಥೆರಪಿ ಕ್ಲಿನಿಕ್ ಹುಡುಕಲು ಶುರು ಮಾಡಿ. ಆಸ್ಪತ್ರೆಯಿಂದ ಬಂದ ಮೇಲೆ ಹುಡುಕಲು ಹೊರಟರೆ ನೋವು, ಊತ, ನಿದ್ದೆಗೇಡಿನ ನಡುವೆ ಹತ್ತಿರ ಸಿಕ್ಕಿದ್ದೇ ಸಾಕು ಅನ್ನಿಸಿಬಿಡುತ್ತದೆ. ಮೂರ್ನಾಲ್ಕು ವಾರ ಮುಂಚೆಯೇ ಒಮ್ಮೆ ಹೋಗಿ ಬಂದರೆ ವಾಕರ್ ಹಿಡಿದು ನಡೆಯುವುದನ್ನು, ಮೆಟ್ಟಿಲು ಇಳಿಯುವುದನ್ನು ನೋವಿಲ್ಲದ ಹೊತ್ತಿನಲ್ಲೇ ಕಲಿಯಬಹುದು. ಮಂಡಿ ಈಗ ಎಷ್ಟು ಮಡಚುತ್ತದೆ ಎಂಬ ಅಳತೆಯೂ ದಾಖಲಾಗುತ್ತದೆ. ಇದು ಮುಖ್ಯ, ಏಕೆಂದರೆ ಆಪರೇಷನ್‌ಗೆ ಮುಂಚೆ ಇದ್ದ ಮಡಚುವಿಕೆಯೇ ನಂತರ ಸಿಗುವ ಮಡಚುವಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕ್ಲಿನಿಕ್ ಒಳ್ಳೆಯದೋ ಅಲ್ಲವೋ ಎಂಬುದು ಯಂತ್ರಗಳ ಸಾಲು ನೋಡಿ ಗೊತ್ತಾಗುವುದಿಲ್ಲ. ಅಲ್ಲಿ ಏನನ್ನು ಅಳೆಯುತ್ತಾರೆ, ಅಳೆದ ಮೇಲೆ ಏನನ್ನು ಬದಲಿಸುತ್ತಾರೆ ಎಂಬುದನ್ನು ನೋಡಿ.

ಮೊದಲ ಭೇಟಿಯಲ್ಲಿ ಏನಾಗಬೇಕು

ಫಿಸಿಯೋ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿದು ಎರಡು ಕೋನ ಬರೆದುಕೊಳ್ಳಬೇಕು: ಮಂಡಿ ಎಷ್ಟು ನೇರವಾಗುತ್ತದೆ, ಎಷ್ಟು ಮಡಚುತ್ತದೆ. ಕಣ್ಣಂದಾಜಿನಲ್ಲಿ ‘ಚೆನ್ನಾಗಿದೆ’ ಎಂದರೆ ಅದು ಅಳತೆಯಲ್ಲ. ಮಲಗಿಸಿ ನೇರ ಕಾಲನ್ನು ಎತ್ತಿಸಿದಾಗ ಮಂಡಿ ಕುಸಿದು ಬಾಗುತ್ತದೆಯೇ ಎಂದು ನೋಡಬೇಕು. ಕೈಯಿಂದ ಪೂರ್ತಿ ನೇರ ಮಾಡಲು ಬರುವ ಮಂಡಿಯನ್ನು ನಿಮ್ಮದೇ ಶಕ್ತಿಯಿಂದ ನೇರವಾಗಿ ಹಿಡಿಯಲು ಆಗದಿದ್ದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಸೋತಿದೆ ಎಂದರ್ಥ. ಮಂಡಿಚಿಪ್ಪಿನ ನಡುವೆ ಟೇಪು ಸುತ್ತಿ ಊತದ ಸುತ್ತಳತೆಯನ್ನು ಎರಡೂ ಕಾಲಲ್ಲಿ ತೆಗೆಯಬೇಕು. ನಡೆಯಲು ಸಾಧ್ಯವಾದ ಮೇಲೆ ಎರಡು ಸರಳ ಪರೀಕ್ಷೆಗಳಿವೆ. ಒಂದರಲ್ಲಿ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ. ಇನ್ನೊಂದರಲ್ಲಿ 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಬಾರಿ ಎದ್ದು ಕೂರಬಲ್ಲಿರಿ ಎಂದು ಎಣಿಸುತ್ತಾರೆ. ಎರಡಕ್ಕೂ ಗಡಿಯಾರ, ಕುರ್ಚಿ ಸಾಕು. ಇಷ್ಟನ್ನೂ ಮಾಡದ ಕ್ಲಿನಿಕ್ ನೀವು ಮುಂದೆ ಹೋಗುತ್ತಿದ್ದೀರೋ ನಿಂತಲ್ಲೇ ನಿಂತಿದ್ದೀರೋ ಎಂದು ಯಾವುದರಿಂದ ಹೇಳೀತು?

ಗುರಿ ಕೇಳಿದಾಗ ಬರುವ ಉತ್ತರದಲ್ಲಿ ಸಂಖ್ಯೆ ಇರಬೇಕು. ಸಾಮಾನ್ಯವಾಗಿ ಆಪರೇಷನ್ ಆಗಿ ಎರಡು ವಾರದ ಸುಮಾರಿಗೆ ಮಡಚುವಿಕೆ 90 ಡಿಗ್ರಿ, ಆರು ವಾರಕ್ಕೆ 105ರಿಂದ 110, ಮೂರು ತಿಂಗಳಿಗೆ 115ರಿಂದ 120ರತ್ತ ಎಂಬುದು ಒಂದು ನ್ಯಾಯವಾದ ಲೆಕ್ಕ. ಎಲ್ಲರೂ ಈ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಸಮತಟ್ಟು ನೆಲದಲ್ಲಿ ನಡೆಯಲು 65–70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 80ರಿಂದ 100, ಸಾಮಾನ್ಯ ಎತ್ತರದ ಕುರ್ಚಿಯಿಂದ ಸಲೀಸಾಗಿ ಏಳಲು 90ಕ್ಕೂ ಮೇಲೆ, ಸೈಕಲ್ ಪೆಡಲನ್ನು ಪೂರ್ತಿ ಸುತ್ತಲು ಸುಮಾರು 105–110 ಬೇಕು. ನಿಮಗೆ ದಿನನಿತ್ಯ ಏನು ಬೇಕು ಎಂದು ಕೇಳಿ, ಅದರಿಂದ ಕೋನ ಲೆಕ್ಕ ಹಾಕುವ ಫಿಸಿಯೋ ಸಿಕ್ಕರೆ ಬಿಡಬೇಡಿ.

ಮಡಚುವುದಕ್ಕಿಂತ ಮೊದಲು ನೇರವಾಗಬೇಕು

ಎಷ್ಟು ಮಡಚಿತು ಎಂದೇ ಎಲ್ಲರೂ ಕೇಳುತ್ತಾರೆ. ಅನೇಕ ಕ್ಲಿನಿಕ್‌ಗಳೂ ಅದರ ಹಿಂದೆಯೇ ಓಡುತ್ತವೆ. ಆದರೆ ನಡಿಗೆಯನ್ನು ಹೆಚ್ಚು ಕೆಡಿಸುವುದು ಪೂರ್ತಿ ನೇರವಾಗದ ಮಂಡಿ. ಹತ್ತು ಡಿಗ್ರಿ ಬಾಗಿಯೇ ಉಳಿದರೆ ಆ ಕಾಲು ಗಿಡ್ಡವಾದಂತಾಗಿ ಕುಂಟು ಬರುತ್ತದೆ. ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯಬೇಕಾಗಿ ಬೇಗ ದಣಿಯುತ್ತದೆ, ಸೊಂಟಕ್ಕೂ ನೋವು ತಗಲುತ್ತದೆ. ಇದು ಬರುವ ಸುಲಭದ ದಾರಿ ಮಂಡಿಯ ಕೆಳಗೆ ದಿಂಬು. ಹಾಯೆನಿಸುತ್ತದೆ, ಹಾಗಾಗಿ ರಾತ್ರಿಯಿಡೀ ಇಟ್ಟುಕೊಳ್ಳುತ್ತಾರೆ, ಮಂಡಿಯ ಹಿಂಭಾಗ ಬಾಗಿದ ಸ್ಥಿತಿಯಲ್ಲೇ ಬಿಗಿಯುತ್ತದೆ. ಒಳ್ಳೆಯ ಕ್ಲಿನಿಕ್ ಮೊದಲ ದಿನವೇ ಆ ದಿಂಬನ್ನು ತೆಗೆಸುತ್ತದೆ. ಸುರುಳಿ ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯ ಹಿಂಭಾಗ ಗಾಳಿಯಲ್ಲಿರುವಂತೆ ಹತ್ತು ನಿಮಿಷ, ದಿನಕ್ಕೆ ಮೂರ್ನಾಲ್ಕು ಬಾರಿ ಮಲಗಲು ಹೇಳಿಕೊಡುತ್ತದೆ. ಜೊತೆಗೆ ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದು ಸೆಕೆಂಡು ಹಿಡಿದು ಬಿಡುವ ಅಭ್ಯಾಸವೂ ಇರುತ್ತದೆ. ‘ನೇರ ಎಷ್ಟಾಗಿದೆ?’ ಎಂದು ಪ್ರತಿ ವಾರ ನೀವೇ ಕೇಳಿ. ಉತ್ತರ ಸೊನ್ನೆಗೆ, ಅಂದರೆ ಪೂರ್ತಿ ನೇರಕ್ಕೆ, ಹತ್ತಿರವಾಗುತ್ತಾ ಬರಬೇಕು.

ಯಂತ್ರಗಳ ವಿಷಯ

ಮಲಗಿಸಿ ಕಾಲನ್ನು ತಾನೇ ಮಡಚಿ ಬಿಡಿಸುವ ಸಿಪಿಎಂ ಯಂತ್ರವನ್ನು ವಾಡಿಕೆಯಾಗಿ ಎಲ್ಲರಿಗೂ ಹಾಕುವುದನ್ನು ಇಂದಿನ ಮಾರ್ಗಸೂಚಿಗಳು ಬೆಂಬಲಿಸುವುದಿಲ್ಲ. ಸ್ನಾಯು ಏನೂ ಮಾಡದೆ ಮಲಗಿದ್ದರೆ ಬಲ ಬರುವುದಿಲ್ಲ. ತೊಡೆಯ ಸ್ನಾಯುವನ್ನು ಜೋರಾಗಿ ಸಂಕುಚಿಸುವ ವಿದ್ಯುತ್ ಪ್ರಚೋದನೆ ಬೇರೆ ಮಾತು. ಅದಕ್ಕೆ ಒಳ್ಳೆಯ ಆಧಾರವಿದೆ, ಅದರಲ್ಲೂ ಮೊದಲ ವಾರಗಳಲ್ಲಿ. ಬರೀ ಜುಮ್ಮೆನಿಸುವ ಕರೆಂಟ್ ಕೊಟ್ಟು ಮಲಗಿಸುವುದನ್ನೂ ಇದನ್ನೂ ಒಂದೇ ಎಂದುಕೊಳ್ಳಬೇಡಿ. ಇದರಲ್ಲಿ ಸ್ನಾಯು ಗಟ್ಟಿಯಾಗಿ ಬಿಗಿಯುವುದು ಕಣ್ಣಿಗೇ ಕಾಣಬೇಕು. ಪೇಸ್‌ಮೇಕರ್ ಇದ್ದವರು ಯಾವುದೇ ಕರೆಂಟಿಗೆ ಮೊದಲೇ ಅದನ್ನು ಹೇಳಬೇಕು. ರೇಡಿಯೋ ಅಲೆಗಳಿಂದ ಒಳಗೆ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿಯಂತೂ ಲೋಹದ ಕೀಲಿನ ಮೇಲೆ ಬೇಡವೇ ಬೇಡ: ಲೋಹದ ಸುತ್ತ ಶಾಖ ಸೇರಿ ಒಳಗಿನ ಅಂಗಾಂಶ ಸುಡಬಹುದು. ‘ಲೋಹದ ಮಂಡಿಗೆ ಶಾರ್ಟ್‌ವೇವ್ ಕೊಡುತ್ತೀರಾ?’ ಎಂದು ಕೇಳಿದಾಗ ಹೌದು ಎಂದರೆ ಅಲ್ಲಿಂದ ಹೊರಡಿ.

ಅಲ್ಲಿ ನಿಜವಾಗಿ ಬೇಕಾದ ಸಲಕರಣೆ ಸಾಧಾರಣವಾದದ್ದೇ: ಎತ್ತರ ಬದಲಿಸಬಹುದಾದ ಮಂಚ, ಹಿಡಿಕಂಬಿ, 10, 15, 20 ಸೆಂಟಿಮೀಟರ್ ಎತ್ತರದ ಮೆಟ್ಟಿಲುಗಳು, ಸೀಟು ಏರಿಸಬಹುದಾದ ಸ್ಥಿರ ಸೈಕಲ್, ತೂಕ ಹಾಕಿ ಕಾಲಿನಿಂದ ತಳ್ಳುವ ಲೆಗ್ ಪ್ರೆಸ್.

ಬಲದ ಲೆಕ್ಕ

ಮೊದಲ ತಿಂಗಳಲ್ಲಿ ಕ್ವಾಡ್ರಿಸೆಪ್ಸ್ ತನ್ನ ಅರ್ಧದಷ್ಟು ಬಲ ಕಳೆದುಕೊಳ್ಳುವುದು ಸಾಮಾನ್ಯ. ಸ್ನಾಯು ಸೊರಗುವುದು ಒಂದು ಕಾರಣ. ಊದಿದ ಕೀಲು ಆ ಸ್ನಾಯುವಿಗೆ ಹೋಗುವ ನರಸಂಕೇತವನ್ನೇ ತಡೆಯುವುದು ಇನ್ನೂ ದೊಡ್ಡ ಕಾರಣ. ಹಾಗಾಗಿ ಊತ ಇಳಿಸುವುದೂ ಬಲ ತುಂಬುವುದೂ ಒಂದೇ ಕೆಲಸದ ಎರಡು ಭಾಗ. ಪಾದ ಆಡಿಸುವುದು, ಕಾಲೆತ್ತುವುದು ಮೊದಲ ವಾರಗಳಿಗೆ ಸರಿ. ಐದನೇ ವಾರದಲ್ಲೂ ಅದೇ ಪಟ್ಟಿ, ಅದೇ ಹತ್ತು ಎಣಿಕೆ ನಡೆಯುತ್ತಿದ್ದರೆ ಕ್ಲಿನಿಕ್ ನಿದ್ದೆ ಮಾಡುತ್ತಿದೆ. ಎತ್ತರದ ಕುರ್ಚಿಯಿಂದ ತಗ್ಗಿನ ಕುರ್ಚಿಗೆ, ಹತ್ತು ಸೆಂಟಿಮೀಟರ್ ಮೆಟ್ಟಿಲಿನಿಂದ ಹದಿನೈದಕ್ಕೆ, ಎರಡು ಕಾಲಿನ ಲೆಗ್ ಪ್ರೆಸ್‌ನಿಂದ ಒಂಟಿ ಕಾಲಿಗೆ ಏರುತ್ತಾ ಹೋಗಬೇಕು. ಕೊನೆಯ ಎರಡು ಎಣಿಕೆ ಕಷ್ಟವಾದರೆ ಮಾತ್ರ ಭಾರ ಸರಿಯಾಗಿದೆ. ಎಷ್ಟು ಭಾರ ಊರಬಹುದು ಎಂಬುದನ್ನು ಮಾತ್ರ ನಿಮ್ಮ ಸರ್ಜನ್ ಬರೆದುಕೊಟ್ಟಂತೆಯೇ ನಡೆಸಬೇಕು.

ಇದರ ವಿರುದ್ಧ ದಿಕ್ಕಿನ ತಪ್ಪು ಎಂದರೆ ಒತ್ತಾಯ. ಇಬ್ಬರು ಹಿಡಿದು, ರೋಗಿ ಕಿರುಚುವಂತೆ ಮಂಡಿಯನ್ನು ಮುರಿದಂತೆ ಮಡಚುವ ಜಾಗಗಳಿವೆ. ಆ ದಿನ ಐದು ಡಿಗ್ರಿ ಹೆಚ್ಚು ಸಿಗಬಹುದು. ಮರುದಿನ ಊತ ಏರಿ ಹತ್ತು ಡಿಗ್ರಿ ಕಳೆದಿರುತ್ತದೆ. ಹದವನ್ನು ತಿಳಿಯುವುದು ಹೀಗೆ: ಅಭ್ಯಾಸದ ವೇಳೆ ನೋವು ಹತ್ತರಲ್ಲಿ ನಾಲ್ಕೈದರವರೆಗೆ ಸಹಜ, ಅದು ಕೆಲವು ಗಂಟೆಗಳಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆ ಮಂಡಿಯ ಸುತ್ತಳತೆ ಹಿಂದಿನ ಬೆಳಿಗ್ಗೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಏರಿದ್ದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿದು ಆ ದಿನದ ಭಾರ ಇಳಿಸಬೇಕು. ಈ ಟೇಪಿನ ಅಳತೆಯನ್ನು ನೀವೇ ಬರೆದಿಟ್ಟುಕೊಂಡು ತೋರಿಸಿದರೆ ಫಿಸಿಯೋಗೂ ಕೆಲಸ ಸುಲಭ. ವೈದ್ಯರು ಕೊಟ್ಟ ನೋವಿನ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬಹುದೇ ಎಂದು ಅವರನ್ನೇ ಕೇಳಿಕೊಳ್ಳಿ.

ಫೋನಿನಲ್ಲೇ ಕೇಳಬಹುದಾದ್ದು

ಒಂದು ಅವಧಿ ಎಷ್ಟು ಹೊತ್ತು, ಅದರಲ್ಲಿ ಫಿಸಿಯೋ ಎಷ್ಟು ಹೊತ್ತು ನಿಮ್ಮ ಪಕ್ಕದಲ್ಲಿರುತ್ತಾರೆ? ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಬಿಸಿ ಪ್ಯಾಕು, ಕರೆಂಟು, ಉಳಿದದ್ದು ಸಹಾಯಕರ ಎಣಿಕೆ ಎಂದಾದರೆ ಹಣ ವ್ಯರ್ಥ. ಪ್ರತಿ ಬಾರಿ ಅದೇ ವ್ಯಕ್ತಿ ನೋಡುತ್ತಾರೆಯೇ? ತಿಂಗಳಿಗೆ ಎಷ್ಟು ಮಂಡಿ ಬದಲಾವಣೆಯವರು ಬರುತ್ತಾರೆ? ಸರ್ಜನ್‌ಗೆ ಅಳತೆ ಸಹಿತ ವರದಿ ಕಳಿಸುತ್ತೀರಾ? ವಾರಕ್ಕೆ ಎರಡು ಮೂರು ಭೇಟಿ ಸಾಕು, ಉಳಿದದ್ದು ಮನೆಯಲ್ಲಿ ಎಂದು ಹೇಳುವವರನ್ನು ನಂಬಿ. ಹತ್ತಾರು ಭೇಟಿಗಳ ಹಣವನ್ನು ಮುಂಗಡ ಕೇಳುವವರ ಬಗ್ಗೆ ಎಚ್ಚರ. ಮನೆಯ ಅಭ್ಯಾಸವನ್ನು ಚಿತ್ರ ಸಹಿತ ಬರೆದುಕೊಡುತ್ತಾರೆಯೇ ಎಂದೂ ಕೇಳಿ.

ದಾರಿಯೂ ಚಿಕಿತ್ಸೆಯ ಭಾಗ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂತು ಬಂದರೆ ಮಂಡಿ ಬಿಗಿದಿರುತ್ತದೆ. ಲಿಫ್ಟಿಲ್ಲದ ಎರಡನೇ ಮಹಡಿ, ಕಂಬಿಯಿಲ್ಲದ ಮೆಟ್ಟಿಲು, ಒದ್ದೆ ನೆಲ, ತಗ್ಗಾದ ಶೌಚಾಲಯ ಇವನ್ನು ಮೊದಲೇ ನೋಡಿಕೊಂಡು ಬನ್ನಿ. ಮೊದಲ ಎರಡು ವಾರ ಫಿಸಿಯೋ ಮನೆಗೇ ಬಂದು, ಆಮೇಲೆ ಕ್ಲಿನಿಕ್‌ಗೆ ಹೋಗುವ ಏರ್ಪಾಡು ಹಲವರಿಗೆ ಹೊಂದುತ್ತದೆ. ಮನೆಯಲ್ಲೇ ಮುಗಿಸಿದರೆ ಭಾರದ ಅಭ್ಯಾಸ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಕ್ಲಿನಿಕ್ಕಿನ ಎಚ್ಚರವನ್ನು ಪರೀಕ್ಷಿಸುವ ಒಂದು ಪ್ರಶ್ನೆ: ‘ಮೀನಖಂಡ ನೋಯುತ್ತಿದೆ, ಉಜ್ಜುತ್ತೀರಾ?’ ಸರಿಯಾದ ಫಿಸಿಯೋ ಕೈ ಹಾಕುವುದಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಅಪಾಯ ಎಂದು ತಿಳಿದು ಅಂದೇ ವೈದ್ಯರ ಬಳಿ ಕಳಿಸುತ್ತಾರೆ. ಉಸಿರು ಸಿಕ್ಕಿಕೊಂಡರೆ, ಎದೆನೋವು ಬಂದರೆ ತುರ್ತು ಚಿಕಿತ್ಸೆಗೆ ಹೋಗಬೇಕು. ಗಾಯದಿಂದ ದ್ರವ ಒಸರಿದರೆ ಅಥವಾ ಜ್ವರದ ಜೊತೆ ಕೆಂಪು ಹೆಚ್ಚಿದರೆ ಸರ್ಜನ್‌ಗೆ ಅಂದೇ ತಿಳಿಸಬೇಕು, ವ್ಯಾಯಾಮ ನಿಲ್ಲಿಸಬೇಕು.

ಬದಲಿಸಬೇಕೆಂದರೆ ಯಾವಾಗ

ನಾಲ್ಕು ಭೇಟಿಗಳಾದರೂ ಕೋನ ಬರೆಯದಿದ್ದರೆ, ಬರೆದ ಕೋನ ಎರಡು ವಾರ ಅಲ್ಲಾಡದಿದ್ದರೂ ಯೋಜನೆ ಬದಲಾಗದಿದ್ದರೆ ಬೇರೆ ಕ್ಲಿನಿಕ್ ನೋಡಿ. ಇಲ್ಲಿ ಮುಲಾಜು ದುಬಾರಿ, ಕಾರಣ ಸಮಯಕ್ಕೆ ಮಿತಿಯಿದೆ. ಆರು ವಾರವಾದರೂ 90 ಡಿಗ್ರಿ ದಾಟದ ಮಂಡಿಗೆ ಅರಿವಳಿಕೆ ಕೊಟ್ಟು ಮಡಚಿಸುವ ಉಪಾಯವಿದೆ, ಆದರೆ ಅದು ಹೆಚ್ಚು ಫಲ ಕೊಡುವುದು ಮೊದಲ ಮೂರು ತಿಂಗಳೊಳಗೆ. ಆಮೇಲೆ ಕೀಲಿನೊಳಗಿನ ಗಾಯದ ಕಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹಳೆಯ ಕ್ಲಿನಿಕ್‌ನಿಂದ ದಿನಾಂಕ ಸಹಿತ ಅಳತೆಗಳ ಪ್ರತಿ ತೆಗೆದುಕೊಂಡು ಹೊಸಬರನ್ನೂ ಸರ್ಜನ್‌ರನ್ನೂ ಅದೇ ವಾರ ಕಾಣಿ.