ಸೋಲೊ ಮೊದಲು, ಟೋನ್ ಆಮೇಲೆ: ಎಲೆಕ್ಟ್ರಿಕ್ ಜಾಝ್ ಗಿಟಾರ್ ರೆಕಾರ್ಡ್ ಮಾಡುವ ಬಗೆ

ಗಿಟಾರಿಸ್ಟೇ ಮುಂದಾಳಾಗಿರುವ ಜಾಝ್ ಆಲ್ಬಮ್‌ನಲ್ಲಿ ಸೋಲೊಗಳನ್ನು ಕೊನೆಗೆ ಬೇರೆಯಾಗಿ ನುಡಿಸಿ ಅಂಟಿಸಿದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಡ್ರಮ್ಮರ್ ಯಾವುದಕ್ಕೂ ಮಾರುತ್ತರ ಕೊಟ್ಟಿರುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ನುಡಿಸಲೇಬೇಕು. ಆದರೆ ಒಂದೇ ಕೋಣೆಯ ಸ್ಟುಡಿಯೋ ಬಾಡಿಗೆಗೆ ಹಿಡಿದರೆ ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) ಸದ್ದು ಡ್ರಮ್ ಮೈಕ್‌ಗಳಿಗೆಲ್ಲ ನುಗ್ಗುತ್ತದೆ. ಇದಕ್ಕೆ ದಾರಿ: ಸ್ಟುಡಿಯೋದಲ್ಲಿ ಗಿಟಾರನ್ನು ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನು ಆಂಪ್ ಇಲ್ಲದೆ ನೇರ ರೆಕಾರ್ಡರ್‌ಗೆ ಕಳಿಸುವ ಡಬ್ಬಿ) ಮೂಲಕ ಸಪ್ಪೆಯಾಗಿ ರೆಕಾರ್ಡ್ ಮಾಡಿ, ಆಂಪ್‌ನ ಸದ್ದನ್ನು ಮನೆಯಲ್ಲಿ ಆಮೇಲೆ ಸೇರಿಸುವುದು. ಇದಕ್ಕೆ ರೀಆಂಪಿಂಗ್ ಎನ್ನುತ್ತಾರೆ.

ತಂತಿಗಳನ್ನು ಎರಡು ದಿನ ಮುಂಚೆಯೇ ಬದಲಿಸಿ. ಅದೇ ದಿನ ಹಾಕಿದರೆ ಪ್ರತಿ ಟೇಕ್‌ಗೂ (ಒಂದು ಸಲದ ರೆಕಾರ್ಡಿಂಗ್) ಶ್ರುತಿ ಜಾರುತ್ತದೆ. 11ರ ಸೆಟ್ (ಅತಿ ತೆಳು ತಂತಿ 0.011 ಇಂಚು) ಸಾಕು. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದಾಗ ಬರುವ ಸ್ವರ), ಅಲ್ಲೇ ಒತ್ತಿದ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್ಲನ್ನು (ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ. ಕೇಬಲ್ 5 ಮೀಟರ್ ದಾಟದಿರಲಿ, ಉದ್ದವಾದಷ್ಟೂ ಮೇಲಿನ ಹೊಳಪು ಸತ್ತುಹೋಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಶೀಲ್ಡೆಡ್ ವೈರ್, ಕಾಲು ಇಂಚಿನ ಜ್ಯಾಕ್ ತಂದು ನೀವೇ ಬೆಸುಗೆ ಹಾಕಿಕೊಳ್ಳಬಹುದು.

ವಾಲ್ಯೂಮ್ ಪೆಡಲ್, ವಾ ಪೆಡಲ್ (ಕಾಲಿನಿಂದ ಸದ್ದಿಗೆ ‘ವಾ-ವಾ’ ತಿರುವು ಕೊಡುವುದು) ಡಿಐಗಿಂತ ಮುಂಚೆ ಇರಲಿ. ಅವು ನುಡಿಸಾಣಿಕೆಯ ಭಾಗ. ಡಿಲೇ (ಸದ್ದನ್ನು ತುಸು ತಡವಾಗಿ ಮರಳಿಸುವುದು), ರಿವರ್ಬ್ (ಅನುರಣನ) ಹೆಡ್‌ಫೋನ್‌ಗೆ ಮಾತ್ರ, ರೆಕಾರ್ಡ್ ಆಗಬಾರದು. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇರಲಿ. ಜೋರಾಗಿ ಮೀಟಿದಾಗಲೂ ಮೀಟರ್ ಮೈನಸ್ 10 ಡಿಬಿ (ಡೆಸಿಬೆಲ್) ದಾಟಬಾರದು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ಸದ್ದಿನ ತುಣುಕು) 128 ಸ್ಯಾಂಪಲ್ ಎಂದರೆ ಅದೊಂದರಿಂದಲೇ 2.7 ಮಿಲಿಸೆಕೆಂಡ್ ತಡ, ಅಷ್ಟು ಪರವಾಗಿಲ್ಲ. 512ಕ್ಕೆ ಏರಿಸಿದರೆ ಕೈ ತಾಳಕ್ಕಿಂತ ಹಿಂದೆ ಬೀಳುತ್ತದೆ.

ನಿಜವಾದ ತಲೆನೋವು ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ನಮ್ಮ ಕರೆಂಟ್ 50 ಹರ್ಟ್ಸ್, ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಅದನ್ನು ಹೀರಿಕೊಳ್ಳುತ್ತದೆ. ಕುಳಿತಲ್ಲೇ ನಿಧಾನವಾಗಿ ತಿರುಗಿ ನೋಡಿ: ಒಂದು ದಿಕ್ಕಿಗೆ ಮುಖ ಮಾಡಿದಾಗ ಗುಂಯ್ ಎನ್ನುವುದು ತಟ್ಟನೆ ಇಳಿಯುತ್ತದೆ. ಅಲ್ಲಿಗೇ ಕುರ್ಚಿ ಹಾಕಿ, ನೆಲಕ್ಕೆ ಟೇಪ್ ಅಂಟಿಸಿ. ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಇರುವ ದೀಪ ಆರಿಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಬ್ಯಾಟರಿಯಲ್ಲೇ ಟೇಕ್ ಮುಗಿಸಿ. ಹಮ್ ಹೋಗಲಿ ಎಂದು ಪ್ಲಗ್‌ನ ಅರ್ತ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೇ ಅಪಾಯ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಒಳಗೆ ಅರ್ತ್ ವೈರೇ ಇಲ್ಲದಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಮನೆಯಲ್ಲೇ ರೆಕಾರ್ಡ್ ಮಾಡುವುದಾದರೆ ಇನ್ನೊಂದು ತೊಂದರೆ: ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಕೆಲವು ಸೆಕೆಂಡಿನಲ್ಲೇ ಒಳ್ಳೆಯ ಟೇಕ್ ಹಾಳಾಗುವುದು. ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಇಂಟರ್‌ಫೇಸ್ (ಗಿಟಾರಿನ ಸದ್ದನ್ನು ಕಂಪ್ಯೂಟರ್‌ಗೆ ದಾಟಿಸುವ ಪೆಟ್ಟಿಗೆ) ಇದ್ದರೆ ಲ್ಯಾಪ್‌ಟಾಪ್ ಬ್ಯಾಟರಿ ಎರಡನ್ನೂ ನಡೆಸುತ್ತದೆ.

ಮನೆಯಲ್ಲಿ ರೀಆಂಪ್ ಮಾಡುವಾಗ ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ನೇರ ಆಂಪ್‌ಗೆ ಚುಚ್ಚಬೇಡಿ. ಅದರ ಲೈನ್ ಮಟ್ಟ ಗಿಟಾರಿನ ಸಿಗ್ನಲ್‌ಗಿಂತ ಹೆಚ್ಚಾಗಿ ಸದ್ದು ಒರಟಾಗುತ್ತದೆ, ಮಧ್ಯೆ ಅದನ್ನು ಗಿಟಾರಿನ ಮಟ್ಟಕ್ಕೆ ಇಳಿಸುವ ರೀಆಂಪ್ ಬಾಕ್ಸ್ ಬೇಕು. ಶೂರ್ ಎಸ್‌ಎಂ57 ಮೈಕನ್ನು ಸ್ಪೀಕರ್ ಬಟ್ಟೆಯಿಂದ 3 ಸೆಂಟಿಮೀಟರ್ ದೂರಕ್ಕೆ, ಕೋನ್‌ನ ನಡುವಿನಿಂದ ಅಂಚಿನ ಕಡೆಗೆ ಸರಿಸಿ ಇಡಿ. ನಡುವಿಗೆ ಹಿಡಿದರೆ ಪಿಕ್‌ನ ಕಿರಿಚಾಟವೇ ಮುಂದಾಗುತ್ತದೆ, ಜಾಝ್‌ಗೆ ಅದು ಒಗ್ಗುವುದಿಲ್ಲ.

ಸ್ಟೀರಿಯೋ ಹರವು ಬೇಕೆ? ಅಮೆರಿಕದ ಜಾಝ್ ಗಿಟಾರಿಸ್ಟ್ ಪ್ಯಾಟ್ ಮೆಥೆನಿಯ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ: ನಡುವೆ ಮೂಲ ಸದ್ದು, ಒಂದು ಬದಿಗೆ 14 ಮಿಲಿಸೆಕೆಂಡ್ ಡಿಲೇ, ಇನ್ನೊಂದು ಬದಿಗೆ 26, ಎರಡಕ್ಕೂ ತೀರಾ ಸಣ್ಣ ಶ್ರುತಿ ಓಲಾಟ. ಓಲಾಟ ಹೆಚ್ಚಾದರೆ ಕೋರಸ್ ಪೆಡಲ್‌ನಂತೆ ಅಗ್ಗವಾಗಿ ಕೇಳುತ್ತದೆ. ಮಿಕ್ಸನ್ನು ಒಮ್ಮೆ ಮೋನೋದಲ್ಲಿ (ಎರಡೂ ಬದಿ ಒಂದಾಗಿಸಿ) ಕೇಳಿ. ಗಿಟಾರ್ ಪೊಳ್ಳಾಗಿ ಕೇಳಿದರೆ ಎರಡೂ ಡಿಲೇಗಳನ್ನು 3 ಡಿಬಿಯಷ್ಟು ಇಳಿಸಿ ಮತ್ತೆ ಕೇಳಿ.