ಮೊದಲು ಪ್ರಶ್ನೆ, ಆಮೇಲೆ ಸೂತ್ರ: ಅತಿಥಿ ಉಪನ್ಯಾಸಕನಾಗಿ ನನ್ನ ಅನುಭವ

ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಬಿಎಸ್ಸಿ ಮೊದಲ ಸೆಮಿಸ್ಟರ್‌ಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನೇಮಕಾತಿ ಆದೇಶ ಕೈಗೆ ಬರುವಷ್ಟರಲ್ಲಿ ಕೆಲವು ವಾರ ಕಳೆದಿರುತ್ತವೆ, ಹಾಗಾಗಿ ಸಿಲಬಸ್ ಮುಗಿಸುವ ಆತುರ ಇದ್ದೇ ಇರುತ್ತೆ. ಆದರೂ ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಡಿರೈವೇಷನ್ (ಸೂತ್ರವನ್ನು ಹಂತ ಹಂತವಾಗಿ ಸಾಧಿಸುವುದು) ಮುಟ್ಟುವುದಿಲ್ಲ. ಒಂದು ಪ್ರಶ್ನೆ, ಅಷ್ಟೇ.

ಚಾಕ್‌ಪೀಸ್ ಮೇಲಕ್ಕೆ ಎಸೆದು ಹಿಡಿಯುತ್ತೇನೆ. ತುತ್ತತುದಿಯಲ್ಲಿ ಅದರ ವೇಗ ಸೊನ್ನೆ, ಸರಿ. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದವರೂ ಸೇರಿ ಜಾಸ್ತಿ ಜನ 'ಸೊನ್ನೆ' ಅಂತಲೇ ಕೈ ಎತ್ತುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಪಕ್ಕದವರ ಜೊತೆ ಮಾತಾಡಿ ಅನ್ನುತ್ತೇನೆ, ಕನ್ನಡದಲ್ಲೇ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಅದೂ ಸೊನ್ನೆ ಆದ್ರೆ ಚಾಕ್‌ಪೀಸು ಅಲ್ಲೇ ನಿಂತುಬಿಡ್ಬೇಕಲ್ವಾ?" ಅಂದಳು. ಅಲ್ಲಿಗೆ ಅರ್ಧ ಕ್ಲಾಸಿನ ಉತ್ತರ ಬದಲಾಯಿತು. ಗುರುತ್ವದಿಂದ ಬರುವ ವೇಗೋತ್ಕರ್ಷ 9.8 (ಮೀಟರ್/ಸೆಕೆಂಡ್²) ಅನ್ನೋದು ಮೇಲೆ ಹೋಗುವಾಗ, ತುದಿಯಲ್ಲಿ, ಕೆಳಗೆ ಬರುವಾಗ ಎಲ್ಲಾ ಕಡೆ ಇದೆ ಅಂತ ಆಮೇಲೆ ಬೋರ್ಡ್ ಮೇಲೆ ಬರೆದರೆ ಸಾಕು. ಹೀಗೆ ಪ್ರಶ್ನೆ ಕೇಳಿ ಪಕ್ಕದವರ ಜೊತೆ ಚರ್ಚಿಸಲು ಬಿಡುವುದು, ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ. ದೊಡ್ಡ ಸಲಕರಣೆ ಏನೂ ಬೇಡ, ಕೈ ಎತ್ತಿಸಿದರೆ ಆಯಿತು.

ಲ್ಯಾಬ್‌ನಲ್ಲೂ ಹೀಗೇ. ಬಾರ್ ಪೆಂಡುಲಮ್ ಪ್ರಯೋಗದಲ್ಲಿ (ಲೋಹದ ಪಟ್ಟಿಯೊಂದನ್ನು ತೂಗಾಡಿಸಿ ಗುರುತ್ವದ ಬೆಲೆ ಕಂಡುಹಿಡಿಯುವುದು) 20 ಆಂದೋಲನ ಎಣಿಸಿ ಅಂತ ಮ್ಯಾನುಯಲ್‌ನಲ್ಲಿ ಇರುತ್ತೆ. ಯಾಕೆ 20? ಒಂದೇ ಎಣಿಸಿದರೆ ಏನಾಗುತ್ತೆ? ಒಂದಕ್ಕೆ ಸುಮಾರು 1.6 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡ್ ತಡವಾದರೂ ದೋಷ ಶೇ. 12 ದಾಟುತ್ತೆ. 20ಕ್ಕೆ 32 ಸೆಕೆಂಡ್, ಆಗ ಅದೇ ತಡ ಶೇ. 0.6 ಮಾತ್ರ. ಸೂತ್ರದಲ್ಲಿ ಕಾಲದ ವರ್ಗ ಇರೋದರಿಂದ ಗುರುತ್ವದ ಬೆಲೆಯಲ್ಲಿ ಈ ದೋಷ ಎರಡು ಪಟ್ಟು. ಈ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.

ಸೀನಿಯರ್‌ಗಳ ರೆಕಾರ್ಡ್ ನೋಡಿ 9.8 ಬರೆದುಕೊಂಡು ಬಂದವರಿಗೆ ಸಹಿ ಹಾಕುವುದಿಲ್ಲ. 9.5 ಬಂದಿದ್ದರೆ 9.5 ಅಂತಲೇ ಬರೆಯಲಿ, ಎಲ್ಲಿ ತಪ್ಪಿರಬಹುದು ಅಂತ ಎರಡು ಸಾಲು ಸೇರಿಸಲಿ. ಆ ಎರಡು ಸಾಲನ್ನು ನಾನು ಮೊದಲು ಓದುತ್ತೇನೆ, ಗ್ರಾಫ್ ಆಮೇಲೆ.